ಕಾಯಿಲ್‌ನ ತಪ್ಪಲ್ಲ

೮ ಜನವರಿ, ಗುರುವಾರ, ಪೆರಾಬೆ

ನೆರೆಮನೆಯ ಝುಲೈಖಾ ಕರೆಂಟಿನ ಪೆಟ್ಟಿಗೆಯಲ್ಲಿ ಮರಿ ಮಾಡಿಸಲು ಇಟ್ಟ ನೂರಿಪ್ಪತ್ತು ಕೋಳಿಮೊಟ್ಟೆಗಳಿಗೆ ಇಂದು ಹತ್ತೊಂಬತ್ತನೆಯ ದಿನ. ಸಂಜೆಯಾದರೆ ಪೆಟ್ಟಿಗೆ ಬಿಸಿಯಾಗುವುದಿಲ್ಲ. ದೂರು ಕೊಟ್ಟರೆ ಲೈನ್‌ಮ್ಯಾನ್ ಅಂಗಳದಲ್ಲೇ ನಿಂತು, "ಕರೆಂಟು ಉಂಟಲ್ಲ ಮಾರಾಯ್ರೆ, ನಿಮ್ಮ ಪೆಟ್ಟಿಗೆ ಬಿಸಿ ಮಾಡುವ ಕಾಯಿಲೇ ಹೋದದ್ದು" ಎಂದನಂತೆ. ನಲವತ್ತು ವರ್ಷದ ಹಿಂದೆ ನಮ್ಮ ದೀಪ ಮಂಕಾದಾಗಲೂ ಇಲಾಖೆಯವರು ಬಲ್ಬಿನ ಮೇಲೆಯೇ ತಪ್ಪು ಹೊರಿಸಿದ್ದರು. ಮೈ ಉರಿಯಿತು.

ನನ್ನ ಮೀಟರಿನಿಂದ ಎರಡು ಸಲ ಅಳೆದೆ. ಮಧ್ಯಾಹ್ನ 230 ವೋಲ್ಟ್, 2 ಆಂಪಿಯರ್. ಭಾಗಿಸಿದರೆ ರೋಧ 115 ಓಮ್. ಸಂಜೆ ಏಳಕ್ಕೆ 161 ವೋಲ್ಟ್, 1.4 ಆಂಪಿಯರ್, ಆಗಲೂ ಅದೇ 115. ಕಾಯಿಲ್ ಸರಿಯಾಗಿಯೇ ಇದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದಾಗ ಮಾತ್ರ ವಿಷಯ ಗೊತ್ತಾಯಿತು: 460 ವ್ಯಾಟ್ ಇದ್ದದ್ದು 225ಕ್ಕೆ ಇಳಿದಿದೆ. ವೋಲ್ಟೇಜ್ ನೂರಕ್ಕೆ ಮೂವತ್ತು ಪಾಲು ಕುಸಿದರೆ ಬಿಸಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ.

"ಮರಿ ಒಳಗೇ ಸಾಯುದಾ ಭಟ್ರೇ?" ಎಂದಳು ಝುಲೈಖಾ. ಮೀಟರನ್ನು ಅಲ್ಲೇ ಬಿಟ್ಟು ಬಂದು ಅರ್ಜಿ ಬರೆಯಲು ಕುಳಿತೆ. ಇಲಾಖೆಯನ್ನು ಚೆನ್ನಾಗಿಯೇ ಝಾಡಿಸುತ್ತಿದ್ದೆ.

ಅಷ್ಟರಲ್ಲಿ ನನ್ನ ಹೆಂಡತಿ ಸತ್ಯವತಿ ಸ್ನಾನ ಮುಗಿಸಿ ಗೀಸರ್ ಆರಿಸಿದಳು. ಕೂಡಲೇ ಝುಲೈಖಾಳ ಫೋನ್.

"ಭಟ್ರೇ, 177 ತೋರಿಸ್ತಾ ಉಂಟು! ಎಂತ ಮಾಡಿದ್ರಿ? ಆಫೀಸಿನವರಿಗೆ ಬೈದ್ರಾ?"

ಎರಡೂ ಮನೆಗೆ ಒಂದೇ ಕಂಬದ ಲೈನು. ನಮ್ಮ ಗೀಸರ್ ಮೂರು ಸಾವಿರ ವ್ಯಾಟಿನದು.

"ಹೂಂ, ಬೈದೆ" ಎಂದುಬಿಟ್ಟೆ.

ಅರ್ಜಿಯಲ್ಲಿ ಗೀಸರಿನ ಸುದ್ದಿ ಬರೆದಿಲ್ಲ. ಶನಿವಾರ ಮರಿ ಹೊರಬರುವವರೆಗೆ ತಣ್ಣೀರೇ ಎಂದು ಸತ್ಯವತಿಗೆ ಹೇಳಿದೆ. ಯಾಕೆಂದು ಕೇಳಿದಳು. ಅವಳಿಗಾದರೂ ನಿಜವನ್ನು ಹೇಳಲೇಬೇಕಾಯಿತು.