ಹುಸೇನಪ್ಪ ಕಾಕಾನ ನಾಲ್ಕನೇ ನಂಬರ್

3 ಜೂನ್ 2024, ಸೋಮವಾರ. ಬೆಳಿಗ್ಗೆ 11:40

ಉಪಕರಣ ಎಲ್ಲಾ ಕುದಿಸಿ ಇಟ್ಟೆ. ಕುರ್ಚಿ ಒರೆಸಿದೆ, ಎರಡನೇ ಸಲ. ಪೇಷಂಟ್ — ಸೊನ್ನಿ. ಗಂಗಾವತ್ಯಾಗ ಹಲ್ಲಿನ ದವಾಖಾನಿ ತೆಗೆದು ನಾಲ್ಕು ತಿಂಗಳಾತು. ಸ್ಪೀಕರಿನ್ಯಾಗ ಒಂದು ಆಂಬಿಯಂಟ್ ಆಲ್ಬಮ್ ಹಚ್ಚೀನಿ. ತಾಳ ಇಲ್ಲ, ಹಾಡೋರಿಲ್ಲ, ಐವತ್ತು ನಿಮಿಷ ಬರೇ ತೇಲೂ ಸ್ವರ. ಬಿಡಿಎಸ್ ಹಾಸ್ಟೆಲಿನ್ಯಾಗ ಪರೀಕ್ಷೆ ಹೊತ್ತಿಗೆ ಹತ್ತಿದ ಚಟ. ಊಟದ ಡಬ್ಬಿ ತಂದ ಅಮ್ಮಿ ಬಾಗಲದಾಗ ನಿಂತು ಕೇಳಿ, ಫ್ರಿಜ್ ಕೆಟ್ಟೈತೇನು ಅಂದಳು.

ಸಂಜೆ 5:30

ಒಬ್ಬರು ಬಂದ್ರು. ಹುಸೇನಪ್ಪ, ಐವತ್ತೆಂಟು, ರೈಸ್ ಮಿಲ್ಲಿನ ಫಿಟ್ಟರ್. ಬಲಗಡೆ ಕೆಳಗಿನ ದವಡೆಹಲ್ಲು ಹುಳುಕು, ನರದ ತನಕ ಹೋಗೈತಿ. ರೂಟ್ ಕೆನಾಲ್ ಆಗಬೇಕು ಅಂದೆ. ಮಾಡಿಸೂನು ಅಂತ ಎದ್ದು ಬಾಗಲ ತನಕ ಹೋಗಿ ಹೊಳ್ಳಿ ನಿಂತ್ರು.

"ಡಾಕ್ಟರಮ್ಮ, ಇದು ಏನು ಹಚ್ಚೀರಿ? ಹೆಸರು ಬರಕೊಡ್ರಿ."

ಔಷಧಿ ಚೀಟಿ ಮ್ಯಾಲೆ ಆಲ್ಬಮ್ ಹೆಸರು ಬರಕೊಟ್ಟೆ. ಹೆಸರು ಕೇಳಿದವರು ಇವರ ಮೊದಲು.

6 ಜೂನ್, ಗುರುವಾರ

ಹುಸೇನಪ್ಪ ಕಾಕಾ ಬಂದಿದ್ರು. ಹಲ್ಲಿಗಲ್ಲ. ಆಲ್ಬಮ್ ಎರಡು ಸಲ ಕೇಳ್ಯಾರ. ಮಿಲ್ಲು ಬಂದ್ ಆದ ಮ್ಯಾಲೆ ಕಿವ್ಯಾಗ ಉಳಿಯೂ ಗುಂಯ್ ಇದ್ದಂಗ ಐತಿ ಅಂದ್ರು. ಇಷ್ಟು ವರ್ಷದಾಗ ಯಾರೂ ನನಗ ಹಿಂಗ ಹೇಳಿಲ್ಲ.

ಬದಲಿಗೆ ಒಂದು ಪೆನ್‌ಡ್ರೈವ್ ಕೊಟ್ರು. ಮೂವತ್ತು ವರ್ಷದ ಹಿಂದ ಮಿಲ್ಲಿಗೆ ಜಪಾನಿನ ಅಕ್ಕಿ ಪಾಲಿಶ್ ಮಶೀನ್ ಬಂದಿತ್ತಂತ. ಅದನ್ನ ಜೋಡಸಾಕ ಬಂದ ಇಂಜಿನಿಯರ್‌ಗೆ ಪಾನಾ, ಸ್ಕ್ರೂಡ್ರೈವರ್ ಕೊಡೂ ಕೆಲಸ ಇವರದು. ಒಬ್ಬರ ಮಾತು ಒಬ್ಬರಿಗೆ ತಿಳೀದು. ಹೋಗೂ ಮುಂದ ಆತ ಹನ್ನೊಂದು ಕ್ಯಾಸೆಟ್ ಕೊಟ್ಟು ಹೋದ. ಎಲ್ಲಾ ಜಾಝ್. ಈಗ ಮೊಬೈಲ್ ಅಂಗಡ್ಯಾಗ ಪೆನ್‌ಡ್ರೈವಿಗೆ ಹಾಕಿಸ್ಯಾರ. ಕ್ಯಾಸೆಟ್ ಮ್ಯಾಲಿನ ಜಪಾನಿ ಅಕ್ಷರ ಓದಾಕ ಬರದ್ದಕ್ಕ ನಂಬರ್ ಕೊಟ್ಟು, ತಾವ ಹೆಸರಿಟ್ಟಾರ. ಎರಡನೇದ್ದು 'ಗಂಡ ಹೆಂಡ್ತಿ ಜಗಳ'. ಏಳನೇದ್ದು 'ಸೀನು ಬಂದಂಗಾಗಿ ಬರಲಿಲ್ಲ'.

10 ಜೂನ್, ಸೋಮವಾರ

ಜಾಝ್ ನನಗ ಒಗ್ಗವಲ್ಲದು. ಎಲ್ಲಾರೂ ಒಮ್ಮೆಲೆ ಮಾತಾಡೂ ಮನಿ ಇದ್ದಂಗ. ಕಾಕಾಗ ಹಂಗ ಹೇಳಿದೆ. ಸಿಟ್ಟಾಗಲಿಲ್ಲ. ಎಲ್ಲಾರನ್ನೂ ಕೇಳಬ್ಯಾಡ್ರಿ, ಒಬ್ಬನ್ನ ಹಿಡದು ಕೊನಿತನಕ ಹೋಗ್ರಿ ಅಂದ್ರು.

ಪೆನ್‌ಡ್ರೈವಿಗೆ ಬದಲಾಗಿ ನಾ ಕೊಟ್ಟ ಎಲೆಕ್ಟ್ರಾನಿಕ್ ಆಲ್ಬಮ್ಮಿಗೆ ಅವರ ತೀರ್ಪು: ಬೆಲ್ಟ್ ಛಲೋ ಓಡತೈತಿ, ಆರನೇ ಹಾಡಿನ್ಯಾಗ ಸಡ್ಲ ಬಿಟ್ಟಾನ, ಬೇಕಂತ ಬಿಟ್ಟಾನ. ಹೊಳ್ಳಿ ಕೇಳಿದೆ. ಖರೇನ, ತಾಳ ಒಂಚೂರು ಹಿಂದ ಬೀಳತೈತಿ... ನೂರು ಸಲ ಕೇಳಿದ್ದೆ, ಗೊತ್ತಾಗಿರಲಿಲ್ಲ.

ಡ್ರಿಲ್ಲಿಗೆ ಗಾಳಿ ಕೊಡೂ ಕಂಪ್ರೆಸರಿನ ಸದ್ದು ಕೇಳೇ ಬೇರಿಂಗ್ ಹೋಗೈತಿ ಅಂದು ಬದಲಿ ಮಾಡಿಕೊಟ್ರು. ಹಲ್ಲಿನ ಮಾತು ತೆಗದ್ರ ಮಾತ್ರ — ಮುಂದಿನ ವಾರ.

14 ಜೂನ್, ಶುಕ್ರವಾರ

ಹಂಗ ಮಾತಾಡಬಾರದಿತ್ತು.

ಕಾಕಾ ಇವತ್ತು ಮಿಲ್ಲಿನ ಇಬ್ಬರನ್ನ ಕರಕೊಂಡು ಬಂದ್ರು, ನನ್ನ ಆಂಬಿಯಂಟ್ ಕೇಳಸಾಕ. ಮೂವರೂ ಬೆಂಚಿನ ಮ್ಯಾಲೆ ಕಣ್ಣು ಮುಚ್ಚಿ ಕುಂತ್ರು. ಅದೇ ಹೊತ್ತಿಗೆ ಗಲ್ಲಕ್ಕ ಕೈ ಹಿಡಕೊಂಡು ಒಬ್ಬ ಹೆಣ್ಣಮಗಳು ಬಂದಳು. ಕೂಡಾಕ ಜಾಗ ಇಲ್ಲ. ಇಣುಕಿ ನೋಡಿ ಹೋಗಿಬಿಟ್ಟಳು. ವಾರಕ್ಕ ಬರೂದ ಒಬ್ಬ ಪೇಷಂಟ್, ಅದೂ ಹೋತು.

"ಕಾಕಾ, ಇದು ದವಾಖಾನಿ. ಹಲ್ಲು ತೋರಸೂದಿದ್ರ ಬರ್ರಿ, ಇಲ್ಲಾಂದ್ರ ಬ್ಯಾಡ."

ಉಳಿದವರ ಮುಂದ ಅಂದೆ. ಕಾಕಾ ಎದ್ರು, ಬೆಂಚು ಗ್ವಾಡಿಗೆ ಸರಿಸಿಟ್ಟು ಹೋದ್ರು.

24 ಜೂನ್, ಸೋಮವಾರ

ಹತ್ತು ದಿನ ಏನೂ ಬರೀಲಿಲ್ಲ. ಬಕ್ರೀದ್ ಬಂತು, ಹೋತು. ಕಾಕಾಗ ಎರಡು ಸಲ ಮೆಸೇಜ್ ಟೈಪ್ ಮಾಡಿ ಅಳಿಸೀನಿ.

ಇವತ್ತು ಕಾಕಾನ ಹೆಂಡ್ತಿ ಹಂಪವ್ವ ಬಂದ್ರು, ಗಿಣಿಗೇರಾದ ಮಗಳ ಮನಿಂದ ಸೀದಾ ಇಲ್ಲಿಗೆ. ಕಾಕಾನ ಗಲ್ಲ ಬಾತೈತಂತ, ಮೂರು ದಿನದಿಂದ ಗಂಜಿ ಬಿಟ್ರ ಏನಿಲ್ಲ. ಬರಾಕ ಒಲ್ಲೆ ಅಂತಾರ. ನನ್ನ ಮಾತಿಗೆ ಬ್ಯಾಸರೇನು ಅಂತ ಕೇಳಿದೆ. ಅದಲ್ಲ ಅಂದ್ರು.

"ನೋವಿಗೆ ಅಂಜೂ ಮನಷ್ಯಾ ಅಲ್ರಿ. ಬೆರಳು ಬೆಲ್ಟಿಗೆ ಸಿಕ್ಕಾಗ ಕಣ್ಣಾಗ ಒಂದು ಹನಿ ನೀರು ತರಲಿಲ್ಲ. ನಿಮ್ಮ ಡ್ರಿಲ್ಲಿನ ಸದ್ದಿಗೆ ಅಂಜತಾರ. ಮಶೀನ್ ಒಡಿಯೂ ಮುಂಚಿನ ಸದ್ದು ಅದು, ತಲ್ಯಾಗ ಹೆಂಗ ಬಿಟ್ಟಕೊಳ್ಳಲಿ ಅಂತಾರ."

ಮೂರು ವಾರ ಅವರ ಕಿವಿ ಹೊಗಳಿದಾಕಿ ನಾನು. ಇದೊಂದು ಹೊಳೀಲಿಲ್ಲ.

ಹಂಪವ್ವನ ಕೂಡ ಮಿಲ್ಲಿಗೆ ಹೋದೆ. ಕಾಕಾ ಗಲ್ಲಕ್ಕ ಟವೆಲ್ ಸುತ್ತಿಕೊಂಡು ಮೋಟರ್ ಬಿಚ್ಚತಿದ್ರು. ತಪ್ಪಾತು ಕಾಕಾ ಅಂದೆ. ನಕ್ಕರು, ಅರ್ಧ ಮುಖದಾಗ. ಬಾವು ಇಳಿಯಾಕ ಐದು ದಿನದ ಗುಳಿಗಿ ಕೊಟ್ಟೆ. ಮುಂದಿನ ಸೋಮವಾರ ಬರ್ರಿ, ಸದ್ದಿಂದು ನನಗ ಬಿಡ್ರಿ ಅಂದೆ.

29 ಜೂನ್, ಶನಿವಾರ

ದೊಡ್ಡ ಮಾತಾಡಿ ಬಂದೀನಿ. ಮಧ್ಯಾಹ್ನ ಬಾಗಲ ಹಾಕಿ, ಹೆಡ್‌ಫೋನ್ ಹಚ್ಚಿ, ಡ್ರಿಲ್ಲನ್ನ ಕಿವಿ ಹತ್ರ ಓಡಿಸಿ, ಅದರ ಸದ್ದು ಯಾವುದು ಮುಚ್ಚತೈತಿ ಅಂತ ಒಂದೊಂದ ಆಲ್ಬಮ್ ನೋಡಿದೆ. ನನ್ನ ಆಂಬಿಯಂಟ್ ಎಲ್ಲಾ ಫೇಲ್. ನೀರಿನ ಮ್ಯಾಲೆ ಎಣ್ಣಿ ನಿಂತಂಗ ಡ್ರಿಲ್ ಮ್ಯಾಲೇ ನಿಲ್ಲತೈತಿ. ಎಲೆಕ್ಟ್ರಾನಿಕ್ ಸ್ವಲ್ಪ ತಡೀತು, ನಡುನಡುವ ಸಂದಿ.

ಕಡೀಕ ಕಾಕಾನ ಪೆನ್‌ಡ್ರೈವ್. ನಾಲ್ಕನೇ ನಂಬರ್, 'ಸಂತಿಗೆ ತಡಾ ಆತು'. ಡ್ರಮ್ಮಿನವ ಹಿತ್ತಾಳಿ ತಾಟು ಬಡಿಯೂದು ಬಿಡೂದ ಇಲ್ಲ, ತುತ್ತೂರಿಯವ ಕೂಗತಾನ. ಡ್ರಿಲ್ ಎಲ್ಲಿ ಹೋತು? ಹುಡುಕಿದೆ. ಅವರ ನಡುವ ಇತ್ತು, ಅಪಸ್ವರದಾಗ ಊದೂ ಒಬ್ಬ ಹೊಸಬನಂಗ. ಆ ತುತ್ತೂರಿಯವನ್ನ ಹಿಡದು ಕೊನಿತನಕ ಹೋದೆ. ಡ್ರಿಲ್ ಬಂದ್ ಮಾಡಿದ ಮ್ಯಾಲೂ ಕುಂತ ಕೇಳಿದೆ.

1 ಜುಲೈ, ಸೋಮವಾರ. ಮಧ್ಯಾಹ್ನ 1:00

ಆತು. ಬಾವು ಇಳಿದಿತ್ತು. ಕಾಕಾನ ಕಿವಿಗೆ ಹೆಡ್‌ಫೋನ್ ಹಚ್ಚಿ ನಾಲ್ಕನೇ ನಂಬರ್ ಬಿಟ್ಟೆ. ನೋವಾದ್ರ ಎಡಗೈ ಎತ್ತಬೇಕು ಅಂತ ಮಾತಾಗಿತ್ತು. ಡ್ರಿಲ್ ಶುರು ಆದಾಗ ಕುರ್ಚಿ ಹಿಡಿ ಗಟ್ಟಿ ಹಿಡದ್ರು, ಬೆರಳ ಗಣ್ಣು ಬೆಳ್ಳಗ. ನನ್ನ ಒಂದು ಕಣ್ಣು ಆ ಎಡಗೈ ಮ್ಯಾಲೆ. ಒಂದು ನಿಮಿಷ. ಎರಡು. ಆಮ್ಯಾಲೆ ಬಲಗಾಲಿನ ಹೆಬ್ಬೆರಳು ತಾಳ ಹಾಕಾಕ ಹತ್ತಿತು. ಹಂಪವ್ವ ಅದನ್ನ ನೋಡಿ ಸೆರಗು ಬಾಯಿಗೆ ಹಿಡಕೊಂಡು ನಕ್ಕರು. ಕೈ ಏಳಲೇ ಇಲ್ಲ.

ಮುಗಿದ ಮ್ಯಾಲೆ ಇನ್ನೊಂದು ಹಾಡು ಉಳದೈತಿ ಅಂತ ಕೈಸನ್ನಿ ಮಾಡಿ ಕುರ್ಚ್ಯಾಗ ಮಕ್ಕೊಂಡ್ರು. ಬಿಟ್ಟೆ.

13 ಜುಲೈ, ಶನಿವಾರ. ಮಧ್ಯಾಹ್ನ 3:10

ನಿನ್ನೆ ಕಾಕಾನ ಹಲ್ಲಿಗೆ ಕ್ಯಾಪ್ ಕೂಡಿಸಿದೆ. ಈ ವಾರ ಮಿಲ್ಲಿನವರೇ ಐದು ಮಂದಿ ಪೇಷಂಟ್, ಎಲ್ಲಾರಿಗೂ ಹೆಡ್‌ಫೋನ್ ಬೇಕು.

ಈಗ ಕಾಕಾ ವಾಟ್ಸಾಪಿನ್ಯಾಗ ಒಂದು ರೆಕಾರ್ಡಿಂಗ್ ಕಳಿಸ್ಯಾರ. ಇಪ್ಪತ್ತೇಳು ನಿಮಿಷ. ಕೆಳಗ ಬರದಾರ — ಇದು ನಂದು, ಹನ್ನೆರಡನೇ ನಂಬರ್, ಹೆಸರು ನೀವ ಇಡ್ರಿ.

ಕೇಳಕೋತ ಬರೀಲಿಕತ್ತೀನಿ. ಸಂಜಿ ಮಿಲ್ಲು ಬಂದ್ ಮಾಡೂದು. ಒಂದೊಂದ ಮಶೀನ್ ನಿಲ್ಲತೈತಿ, ಪ್ರತಿ ಸಲ ಕೆಳಗ ಇನ್ನೊಂದು ಸದ್ದು ಸಿಗತೈತಿ. ಪಾಲಿಶ್ ಮಶೀನ್ ನಿಂತಿತು. ಬೆಲ್ಟ್ ಉಸಿರು ಬಿಟ್ಟಂಗ. ದೊಡ್ಡ ಮೋಟರ್ ಕೆಳಗಿಳಿದು, ಇಳಿದು... ಈಗ ಬರೇ ಗುಂಯ್. ಪಾರಿವಾಳ. ಯಾರೋ ಅಕ್ಕಿ ಗುಡಸ್ತಾರ. ಚಪ್ಪಲಿ ಸದ್ದು, ಫೋನಿನ ಹತ್ರ ಬಂತು. ಕಾಕಾ ಏನೋ ಗುನುಗತಾರ, ಭಾಳ ಸಣ್ಣಗ, ಇದು ಯಾವ— ನಾಲ್ಕನೇ ನಂಬರಿನ ತುತ್ತೂರಿ.