ಬಣ್ಣದ ಪೆಟ್ಟಿಗೆಯೊಳಗಿನ ರೂಟರ್

ಮಾರ್ಚ್ ೧೧, ಮಂಗಳವಾರ.

ಎಲೈ ಮೂರ್ಖ ಶಿಖಾಮಣಿ! ಐದು ತಿಂಗಳು ನನ್ನವಳ ದನಿಯನ್ನು ಸೆರೆಯಲ್ಲಿಟ್ಟ ಖಳನಾಯಕ ನೀನೇ! ಎಂದು ನನ್ನನ್ನು ನಾನೇ ಬೈದುಕೊಂಡೆ.

ಹಾಸಿಗೆ ಹಿಡಿದ ತನ್ನ ಅಕ್ಕನ ಆರೈಕೆಗೆಂದು ಅವಳು ಹೋದಾಗಿನಿಂದ, ದಿನವೂ ಸಂಜೆ ಕಂಪ್ಯೂಟರಿನ ಮುಂದೆ ಕೂತು ವಿಡಿಯೋ ಕರೆಯಲ್ಲಿ ಅವಳಿಗೆ ನನ್ನ ಹಳೆಯ ನಾಟಕಗಳ ಕಥೆ ಒಪ್ಪಿಸುತ್ತೇನೆ. ಮೂವತ್ತು ವರ್ಷ ರಂಗದ ಪರದೆಯ ಮರೆಯಲ್ಲಿ ನಿಂತು ನನಗೆ ಮರೆತ ಮಾತು ಎತ್ತಿಕೊಟ್ಟವಳು ಅವಳು. ಈಗ ಅವಳ ಮಾತು ನಾನು ತೊದಲಿ ಮುಗಿಸಿದ ಮೇಲೆ ಬರುತ್ತಿತ್ತು. ನಿನ್ನೆಯಂತೂ ಅವಳ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.

ಇಂದು ಇಂಟರ್ನೆಟ್ ರಿಪೇರಿಯವನು ಬಂದು ರೂಟರ್ ಎಲ್ಲಿ ಎಂದು ಕೇಳಿದ. ಧೂಳು ಕೂರದಿರಲಿ ಎಂದು ಅದನ್ನು ನನ್ನ ವೇಷದ ಕಾಲದ ಬಣ್ಣದ ಪೆಟ್ಟಿಗೆಯಲ್ಲಿಟ್ಟಿದ್ದೆ. ರಾಜಗಾಂಭೀರ್ಯದಿಂದ ಮುಚ್ಚಳ ತೆರೆದು ತೋರಿಸಿದೆ.

“ಏನ್ ಸಾರ್, ತಗಡಿನ ಪೆಟ್ಟಿಗೇಲಿ ಕೂಡಿಹಾಕಿದ್ರೆ ಸಿಗ್ನಲ್ ಹೊರಗೆ ಹೇಗೆ ಬರುತ್ತೆ?” ಎಂದು ಹೊಟ್ಟೆ ಹಿಡಿದು ನಕ್ಕ. ರೂಟರನ್ನು ಬೀರುವಿನ ಮೇಲಿಟ್ಟ. “ಫೋನಿಗೆ ವೈಫೈ ಸಾಕು, ಕಂಪ್ಯೂಟರಿಗೆ ವೈರೇ ಸರಿ,” ಎಂದು ನೇರ ಕೇಬಲ್ ಎಳೆದುಕೊಟ್ಟ.

ಸಂಜೆ ಕಥೆಯ ನಡುವೆ ಬೇಕೆಂದೇ ನಿಲ್ಲಿಸಿದೆ.

“ಬಾಗಿಲು ತೆರೆದು ನೋಡಿದರೆ...” ಎಂದಳು ಥಟ್ಟನೆ, ನನ್ನ ಕಿವಿಯ ಪಕ್ಕದಲ್ಲೇ ನಿಂತಂತೆ. ನಾನು ನಕ್ಕುಬಿಟ್ಟೆ.

“ಮರೆತಿಲ್ಲ ನೀವು. ನಾಟಕ ಆಡ್ತಿದ್ದೀರಿ.”

“ನಾಟಕದವನು ಇನ್ನೇನು ಆಡ್ಲಿ? ಯಾವಾಗ ಬರ್ತೀಯೆ?”

ಈ ಸಲ ಉತ್ತರ ತಡವಾದದ್ದು ನೆಟ್‌ವರ್ಕಿನಿಂದಲ್ಲ.

“ಅಕ್ಕ ಎದ್ದು ಓಡಾಡೋ ಹಾಗಾಗ್ಲಿ ಕಣ್ರೀ.”

ನಾಳೆ ಯಾವ ಮಾತು ಮರೆಯಲಿ ಎಂದು ಹುಡುಕುತ್ತಾ ಕೂತಿದ್ದೇನೆ. ಉದ್ದನೆಯದೊಂದನ್ನು ಮರೆತರೆ, ಅವಳು ಇನ್ನಷ್ಟು ಹೊತ್ತು...