ಅಟ್ಟದ ಏಣಿ ನನ್ನ ಹತ್ತಿರ ಇದೆ

ಸುರೇಬಾನ
೧೨-೧೦-೧೯೯೮

ಕಲ್ಮ್ಯಾ,

ನಿಂತು ಓದಬೇಡ, ಕೂತು ಓದು. ಬಸ್ಸಿನ ಜನಕ್ಕೆ ‘ಮುಂದ ಸರೀರಿ, ಮುಂದ ಸರೀರಿ’ ಎಂದು ಒದರುವವನು ನನ್ನ ಎದುರು ಮಾತ್ರ ಹಿಂದೆ ಹಿಂದೆ ಸರಿಯುತ್ತೀ. ಹಬ್ಬಕ್ಕೆ ಬಂದವನು ನನ್ನ ಮುಖ ನೋಡದೆ ಹೋದೆ. ಪತ್ರ ತಡವಾಯಿತು, ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಒಲೆಗೆ ಹಾಕಿದ್ದೆ. ಸಾಲಿ ಕಲಿತದ್ದು ಮೂರನೆಯ ಇಯತ್ತೆ; ಅಕ್ಷರ ತಪ್ಪಿದ್ದರೆ ತಿದ್ದಿಕೊ, ಮಾತು ತಿದ್ದಬೇಡ.

ಇಲ್ಲಿ ಎಲ್ಲ ಆರಾಮ. ಎಮ್ಮೆ ಈದಿದೆ, ಹೆಣ್ಣುಗರು. ನಾನು ಹೆತ್ತ ದುಂಡಪ್ಪ, ನಿನ್ನ ಅಪ್ಪ, ತನ್ನ ಮಗ ಬೈಲಹೊಂಗಲದಲ್ಲಿ ಕಂಡಕ್ಟರ್ ಎಂದು ಎದೆ ಉಬ್ಬಿಸಿ ತಿರುಗುತ್ತಾನೆ. ತಿರುಗಲಿ. ತಿಂಗಳ ಪಗಾರ ಕೆಟ್ಟದ್ದೆಂದು ನಾನೂ ಅನ್ನುವುದಿಲ್ಲ. ಮದುವೆ, ಜಾತ್ರೆಗಳಲ್ಲಿ ಕರಡಿ ಮಜಲು ಬಾರಿಸುವ ನಮ್ಮಂಥವರ ಮನೆಯಲ್ಲಿ ಮಳೆಗಾಲಕ್ಕೆ ಜೋಳ ಸಾಲದೆ ಹೋದದ್ದನ್ನು ಕಂಡವಳೇ ನಾನು.

ಆದರೆ ದಸರೆಯಲ್ಲಿ ಹತಾರ ಪೂಜಿಸುವ ಖಂಡೇಪೂಜೆಯ ದಿನ ಅಪ್ಪ ಮಗ ಮಾಡಿದ್ದೇನು? ನಿನ್ನ ಮುತ್ತಜ್ಜನ ಕಾಲದಿಂದ ಆ ದಿನ ನಮ್ಮ ಜಗುಲಿಯ ಮೇಲೆ ಕರಡಿ ವಾದ್ಯವೇ ಮೊದಲು. ಆರತಿಯಾಗಿ, ಬಾರಿಸುವವನು ಅದಕ್ಕೆ ಒಂದು ಪೆಟ್ಟು ಕೊಟ್ಟ ಮೇಲೆಯೇ ಮನೆಮಂದಿ ಊಟಕ್ಕೆ ಕೂಡುವುದು. ಈ ಸಲ ಅಲ್ಲಿದ್ದದ್ದು ಬಸ್ಸು ಬಿಡಲು ಊದುವ ನಿನ್ನ ಪೀಪಿ. ಪೀಪಿಗೆ ಕುಂಕುಮ, ಚೆಂಡುಹೂವು. ಕರಡಿ ಗೋಣಿಚೀಲ ಹೊದ್ದು ಅಟ್ಟದ ಮೇಲೆ. ದುಂಡಪ್ಪ, ‘ಊದಪಾ, ಉಣ್ಣಾಕ ಹೊತ್ತಾತು’ ಎಂದ. ನೀನು ಊದಿಬಿಟ್ಟೆ. ಹೊರಗಿದ್ದ ಎಮ್ಮೆ ಬೆದರಿ ಕಣ್ಣಿ ಹರಿದುಕೊಂಡಿತು. ಅದಕ್ಕಿರುವಷ್ಟು ಮಾನ ನಿನಗಿಲ್ಲ. ಆ ದಿನ ನಾನು ಉಣ್ಣಲಿಲ್ಲ. ಯಾಕೆಂದು ನೀನು ಕೇಳಲೂ ಇಲ್ಲ.

ನಿಮ್ಮ ಮೇಳದಲ್ಲಿ ಸನಾದಿ ಊದುವ ಬುಡನಸಾಬ, ತುಳಸಿ ಲಗ್ನ ಆದ ಮೇಲೆ ಸಾಲಹಳ್ಳಿಯ ಒಂದು ಮದುವೆಯಲ್ಲಿ ಬಾರಿಸಲು ಒಪ್ಪಿಕೊಂಡಿದ್ದಾನೆ. ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ಕರೆದಿಲ್ಲ. ಎರಡು ದಿನ ರಜೆ ಹಾಕಿದರೆ ಬೈಲಹೊಂಗಲದ ಬಸ್ಸುಗಳೆಲ್ಲ ನಿಂತುಬಿಡುತ್ತವೆಯೇ? ನಿನ್ನ ಅಪ್ಪನಂತೂ ಕರಡಿಯನ್ನು ಎಂ.ಕೆ. ಹುಬ್ಬಳ್ಳಿಯ ಮೇಳದವರಿಗೆ ಕೊಟ್ಟುಬಿಡುವ ಮಾತಾಡಿದ್ದಾನೆ. ಕೊಡಲಿ ನೋಡೋಣ. ಅಟ್ಟದ ಏಣಿಯನ್ನು ನನ್ನ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು ಮಲಗುತ್ತಿದ್ದೇನೆ.

ಆಯುಷ್ಯವಂತನಾಗು. ಬಸ್ಸಿನ ಬಾಗಿಲಲ್ಲಿ ಜೋತು ಬೀಳಬೇಡ.

ನಿನ್ನ ಆಯಿ,
ಸಾವಿತ್ರೆವ್ವ

ತಾ.ಕ.: ಬುಡನಸಾಬ ಹೇಳಲು ಒಲ್ಲೆನೆಂದ, ನಾನೇ ಕೆದಕಿ ಕೇಳಿದೆ. ಬಸ್ಸಿನಲ್ಲಿ ಸಿಕ್ಕಾಗ ನೀನು ಅವನಿಗೆ, ‘ಏನ್ ಮಾಡ್ಲಿ ಕಾಕಾ, ಆಯಿ ದಮ್ಮಿನ ಗುಳಿಗಿ ಸಲುವಾಗಿ ಕರಡಿ ಬಿಟ್ಟೆ’ ಎಂದೆಯಂತೆ. ಗುಳಿಗೆ ತಾ ಎಂದು ನಾನು ಯಾವತ್ತು ನಿನ್ನ ಮುಂದೆ ಕೈಯೊಡ್ಡಿದ್ದೆ? ಹೊಟ್ಟೆಗಾಗಿ ಬಿಟ್ಟೆ ಎನ್ನು, ಹೆಣ್ಣು ಕೊಡುವವರು ನೌಕರಿ ಕೇಳುತ್ತಾರೆ ಎನ್ನು, ಒಪ್ಪುತ್ತೇನೆ. ನಿನ್ನ ಅಜ್ಜ ಹೋದ ಮೇಲೆ ಆ ಸಪ್ಪಳವನ್ನು ನಿನ್ನ ಕೈಯಲ್ಲಿ ಕೇಳಲಿಕ್ಕೇ ನಾನು ಜೀವ ಹಿಡಿದದ್ದು. ಅದನ್ನೇ ನನ್ನ ಹೆಸರು ಹೇಳಿ ಅಟ್ಟಕ್ಕೇರಿಸಿದೆಯಲ್ಲೋ. ನೀನು ಕಳಿಸಿದ ಗುಳಿಗೆಯ ಪೊಟ್ಟಣ ಕಟ್ಟಿದ ಹಾಗೇ ಇದೆ. ನಿನ್ನ ಉತ್ತರ ಬರುವ ತನಕ ಬಿಚ್ಚುವುದಿಲ್ಲ. ಆ ಮಾತು ಆಡಿದ್ದು ನಿಜವೋ ಸುಳ್ಳೋ, ಸಾಲಹಳ್ಳಿಗೆ ಬರುತ್ತೀಯೋ ಇಲ್ಲವೋ, ಬರುವ ತಿಂಗಳು ಹುಟ್ಟುವ ಮೊದಲು ಬರೆ.